ಯಾವ ಬ್ಲೇಡ್ ಹಾಕಲಿ? ಹೊಸದಾಗಿ ಸೇಫ್ಟಿ ರೇಜರ್ ಹಿಡಿದವರಿಗೆ

"ಅಪ್ಪನ ಕಾಲದ ರೇಜರ್ ಥರದ್ದೇ ಒಂದು ತಗೊಂಡಿದ್ದೀನಿ. ಬ್ಲೇಡ್ ಯಾವುದು ಹಾಕಲಿ?"

ಈ ಪ್ರಶ್ನೆ ಕೇಳುವವರು ಕಡಿಮೆ ಆಗಿಯೇ ಇಲ್ಲ. ಮೊದಲೆಲ್ಲ ನಾನು ಒಂದು ಹೆಸರು ಹೇಳಿ ಮಾತು ಮುಗಿಸುತ್ತಿದ್ದೆ. ಒಬ್ಬರಿಗೆ ಅದು ಸರಿಹೋಯಿತು. ಇನ್ನೊಬ್ಬರು ಅದೇ ಬ್ಲೇಡ್ ಹಾಕಿ, ಕತ್ತೆಲ್ಲ ಕೆಂಪು ಮಾಡಿಕೊಂಡು ಬಂದು ತೋರಿಸಿದರು. ಅವತ್ತಿನಿಂದ ಹೆಸರು ಹೇಳುವುದು ಬಿಟ್ಟೆ. ನಿಮ್ಮ ಮುಖಕ್ಕೆ ಯಾವುದು ಹೊಂದುತ್ತದೆ ಅಂತ ನೀವೇ ಕಂಡುಕೊಳ್ಳುವ ದಾರಿ ಹೇಳುತ್ತೇನೆ. ತಾಳ್ಮೆ ಬೇಕು. ದುಡ್ಡು ಜಾಸ್ತಿ ಬೇಡ.

ನೆನಪಿಡಬೇಕಾದ್ದು ಒಂದೇ. ಬ್ಲೇಡ್ ಪರೀಕ್ಷೆ ನಡೆಯುವಾಗ ಬ್ಲೇಡ್ ಬಿಟ್ಟು ಬೇರೆ ಏನನ್ನೂ ಬದಲಾಯಿಸಬಾರದು. ಹೇಳೋದು ಸುಲಭ. ಹೊಸ ರೇಜರ್, ಹೊಸ ಸೋಪು, ಹೊಸ ಬ್ರಷ್, ಐದು ಥರದ ಬ್ಲೇಡು ಎಲ್ಲ ಒಂದೇ ವಾರ ಮನೆಗೆ ಬಂದಾಗ ಕೈ ಸುಮ್ನೆ ಇರೋದು ಕಷ್ಟ.

ಬ್ಲೇಡ್‌ನ ಪರಿಚಯ

ನಾವು ಮಾತಾಡುತ್ತಿರುವುದು ಎರಡೂ ಉದ್ದದ ಅಂಚಿನಲ್ಲಿ ಅಲಗಿರುವ, ನಡುವೆ ಸೀಳಿರುವ ತೆಳು ಬ್ಲೇಡ್ ಬಗ್ಗೆ. ಸಲೂನ್‌ನಲ್ಲಿ ಕಾಗದದ ಸಮೇತ ಲಟಕ್ ಅಂತ ಮಧ್ಯಕ್ಕೆ ಮುರಿದು, ಅರ್ಧವನ್ನು ಕ್ಷೌರದ ಕತ್ತಿಗೆ ಸಿಕ್ಕಿಸುತ್ತಾರಲ್ಲ, ಅದೇ. ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ. ದಪ್ಪ ಬರೀ 0.1 ಮಿಲಿಮೀಟರ್. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇಂಥ ರೇಜರನ್ನು ಮಾರಾಟಕ್ಕೆ ಇಟ್ಟದ್ದು 1903ರಲ್ಲಿ. ಆ ವರ್ಷ ಖರ್ಚಾದದ್ದು 51 ರೇಜರ್, 168 ಬ್ಲೇಡ್. ಆಮೇಲೆ ಉಳಿದ ಕಂಪನಿಗಳೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಂತವು. ಹಾಗಾಗಿ ಇವತ್ತು ಜಪಾನಿನ ಬ್ಲೇಡ್ ಜರ್ಮನಿಯ ರೇಜರ್‌ನಲ್ಲೂ ಕೂರುತ್ತದೆ, ನಿಮ್ಮ ಬೀದಿಯ ಅಂಗಡಿಯ ಬ್ಲೇಡೂ ಕೂರುತ್ತದೆ. ಎರಡು ಮೂರು ಅಲಗು ಒಂದೇ ತಲೆಯಲ್ಲಿ ಕೂಡಿಸಿ, ತಲೆಯನ್ನೇ ಬದಲಿಸುವ ಕಾರ್ಟ್ರಿಡ್ಜ್ ರೇಜರ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಹಿಡಿ ಯಾರದ್ದೋ, ತಲೆಯೂ ಅವರದ್ದೇ ಕೊಳ್ಳಬೇಕು.

ಎಲ್ಲ ಬ್ಲೇಡೂ ಒಂದೇ ಅಳತೆ ಅಂದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಉಕ್ಕಿನ ಹದ, ಅಲಗು ಮಸೆದ ರೀತಿ, ಮೇಲಿನ ಲೇಪ, ಈ ಮೂರರಿಂದ. ಪೊಟ್ಟಣದ ಮೇಲೆ 'ಪ್ಲಾಟಿನಂ' ಅಂತ ಬರೆದಿರುತ್ತದೆ. ಇಡೀ ಬ್ಲೇಡ್ ಪ್ಲಾಟಿನಂ ಅಲ್ಲ ಮಾರಾಯ್ರೇ. ಅಲಗಿನ ಮೇಲೆ ಆ ಲೋಹದ ಅತಿ ತೆಳುವಾದ ಲೇಪ ಇದೆ ಅಂತ ಅರ್ಥ. ಅಲಗು ಬೇಗ ಹಾಳಾಗದಿರಲಿ ಅಂತ ಅದು. ಅನೇಕ ಬ್ಲೇಡ್‌ಗಳಿಗೆ ನಾನ್‌ಸ್ಟಿಕ್ ತವಾಕ್ಕೆ ಹಾಕುವಂಥ ಟೆಫ್ಲಾನ್ ಜಾತಿಯ ಲೇಪವೂ ಇರುತ್ತದೆ. ಅದು ಜಾರಿಕೆಗೆ.

ಇಲ್ಲಿ ಎರಡು ಮಾತನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ: ಹರಿತ ಮತ್ತು ನಯ. ಕೂದಲನ್ನು ಎಳೆಯದೆ ಕತ್ತರಿಸಿದರೆ ಬ್ಲೇಡ್ ಹರಿತ. ಚರ್ಮವನ್ನು ಕೆರೆಯದೆ ಜಾರಿದರೆ ನಯ. ತುಂಬ ಹರಿತವಾಗಿದ್ದೂ ಒರಟಾಗಿರುವ ಬ್ಲೇಡ್ ಉಂಟು. ಅಷ್ಟೇನೂ ಹರಿತವಿಲ್ಲದೆ ನಯವಾಗಿರುವುದೂ ಉಂಟು. "ಈ ಬ್ಲೇಡ್ ಸರಿ ಇಲ್ಲ" ಅನ್ನುವವರನ್ನು ಎಳೀತಾ ಇತ್ತಾ, ಉರೀತಾ ಇತ್ತಾ ಅಂತ ಕೇಳಿ ನೋಡಿ. ಅರ್ಧದಷ್ಟು ಜನ ಯೋಚನೆಗೆ ಬೀಳುತ್ತಾರೆ. ಎಳೆಯುತ್ತಿದ್ದರೆ ಇನ್ನೂ ಹರಿತವಾದದ್ದು ಬೇಕು. ಉರಿಯುತ್ತಿದ್ದರೆ ಬಹುಶಃ ಇನ್ನೂ ನಯವಾದದ್ದು ಬೇಕು, ಇಲ್ಲವೇ ನಿಮ್ಮ ಕೈ ಭಾರ ಕಡಿಮೆ ಆಗಬೇಕು.

ಏನೇನು ಬೇಕು

ರೇಜರ್, ಬ್ರಷ್, ಶೇವಿಂಗ್ ಸೋಪು ಅಥವಾ ಕ್ರೀಮು. ಒಂದು ತುಂಡು ಪಟಿಕ, ಅಂದರೆ ಸಲೂನ್‌ನಲ್ಲಿ ಕೊನೆಗೆ ಮುಖಕ್ಕೆ ಉಜ್ಜುವ ಬಿಳಿ ಕಲ್ಲು. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕು ಥರದ ಬ್ಲೇಡ್. ಬರೆದಿಡಲು ಒಂದು ಪುಟ್ಟ ಪುಸ್ತಕ ಅಥವಾ ಮೊಬೈಲ್. ಹಳೇ ಬ್ಲೇಡ್ ಹಾಕಲು ಒಂದು ತಗಡಿನ ಡಬ್ಬಿ.

1. ಮೊದಲ ತಿಂಗಳು ಬ್ಲೇಡ್ ವಿಷಯ ಮರೆತುಬಿಡಿ

ಇದೇ ಎಲ್ಲರೂ ಹಾರಿಸುವ ಹೆಜ್ಜೆ. ಕೈಗೆ ಇನ್ನೂ ರೇಜರ್ ಹಿಡಿಯುವ ಓರೆ ಗೊತ್ತಿಲ್ಲ, ಒತ್ತುವ ಅಭ್ಯಾಸ ಹೋಗಿಲ್ಲ. ಆಗ ಮುಖ ಉರಿದರೆ ತಪ್ಪು ಬ್ಲೇಡಿನದೋ ನಿಮ್ಮದೋ ಹೇಗೆ ಗೊತ್ತಾಗಬೇಕು? ಹತ್ತಿರದ ಅಂಗಡಿಯಲ್ಲಿ ಸಿಗುವ ಒಂದು ಥರದ ಸಾಧಾರಣ ಬ್ಲೇಡ್ ಒಂದು ಪೊಟ್ಟಣ ತಗೊಳ್ಳಿ. ಕನಿಷ್ಠ 15 ಶೇವ್ ಆ ಥರದ್ದರಲ್ಲೇ ಮಾಡಿ, ನಾಲ್ಕು ಶೇವ್‌ಗೊಮ್ಮೆ ಪೊಟ್ಟಣದಿಂದ ಹೊಸದು ಹಾಕಿ. ಇದು ನಿಮ್ಮ 'ಅಳತೆಯ ಬ್ಲೇಡ್'. ಮುಂದೆ ಬೇರೆಯವನ್ನೆಲ್ಲ ಇದಕ್ಕೆ ಹೋಲಿಸಿ ನೋಡುತ್ತೀರಿ.

ಈ ತಿಂಗಳಲ್ಲಿ ಕಲಿಯಬೇಕಾದ್ದು ಮೂರು. ಮೊದಲನೆಯದು ಓರೆ. ರೇಜರಿನ ತಲೆಯ ನೆತ್ತಿಯನ್ನು ಕೆನ್ನೆಗೆ ತಾಗಿಸಿ, ಹಿಡಿ ನೇರ ಹೊರಕ್ಕೆ ಚಾಚಿರಲಿ. ಈಗ ಹಿಡಿಯನ್ನು ನಿಧಾನ ಕೆಳಗಿಳಿಸಿ. ಅಲಗು ಕೂದಲಿಗೆ ತಾಗಿ ಸರಸರ ಸದ್ದು ಬಂದ ಕಡೆ ನಿಲ್ಲಿಸಿ. ಸುಮಾರು 30 ಡಿಗ್ರಿ ಆಗಿರುತ್ತದೆ. ಎರಡನೆಯದು ಭಾರ. ರೇಜರಿನ ತೂಕವೇ ಸಾಕು, ಕೈ ಬರೀ ದಾರಿ ತೋರಿಸಲಿ. ಕಾರ್ಟ್ರಿಡ್ಜ್‌ನಿಂದ ಬಂದವರು ಒತ್ತಿಯೇ ಒತ್ತುತ್ತಾರೆ, ಇದು ಹೋಗಲು ಸಮಯ ಬೇಕು. ಮೂರನೆಯದು ಕೂದಲಿನ ದಿಕ್ಕು. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ. ನುಣ್ಣಗೆ ಹೋದ ಕಡೆಗೆ ಕೂದಲು ಬೆಳೆದಿದೆ, ಮುಳ್ಳಿನ ಹಾಗೆ ತಡೆದರೆ ಅದು ಎದುರು ದಿಕ್ಕು. ಕೆನ್ನೆಯ ಮೇಲೆ ಬಹುತೇಕ ಕೆಳಮುಖ. ಕತ್ತಿನಲ್ಲಿ ಮಾತ್ರ ಏನು ಬೇಕಾದರೂ ಇರಬಹುದು. ನನಗೆ ಎಡಗಡೆ ಅಡ್ಡಕ್ಕೆ, ಬಲಗಡೆ ಮೇಲಕ್ಕೆ. ವರ್ಷಗಟ್ಟಲೆ ಗೊತ್ತೇ ಇರಲಿಲ್ಲ.

2. ನಾಲ್ಕೇ ನಾಲ್ಕು ಥರ ಕೊಳ್ಳಿ

ಬ್ಲೇಡ್ ಸಾಮಾನ್ಯವಾಗಿ ಐದರ ಅಥವಾ ಹತ್ತರ ಪುಟ್ಟ ಪೊಟ್ಟಣದಲ್ಲಿ ಬರುತ್ತದೆ. ಆನ್‌ಲೈನ್‌ನಲ್ಲಿ 'ಸ್ಯಾಂಪ್ಲರ್' ಅಂತ ಬೇರೆ ಬೇರೆ ಕಂಪನಿಯವನ್ನು ಸೇರಿಸಿಯೂ ಮಾರುತ್ತಾರೆ. ಹದಿನೈದು ಇಪ್ಪತ್ತು ಥರ ಇರುವ ಸ್ಯಾಂಪ್ಲರ್ ಬೇಡ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಎರಡನೆಯದು ಹೇಗಿತ್ತು ಅನ್ನೋದೇ ಮರೆತಿರುತ್ತದೆ.

ಆಯ್ಕೆ ಹೀಗಿರಲಿ. ಸುಲಭವಾಗಿ ಸಿಗುವ ಎರಡು: ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್, ವಿಲ್ಕಿನ್ಸನ್ ಸ್ವೋರ್ಡ್ ಇವುಗಳಲ್ಲಿ ನಿಮ್ಮ ಊರಿನಲ್ಲಿ ಯಾವುದು ಇದೆಯೋ ಅದು. ನಡುವಿನದು ಒಂದು: ಹಸಿರು ಪೊಟ್ಟಣದ ಆಸ್ಟ್ರಾ ಹೊಸಬರಲ್ಲಿ ತುಂಬ ಜನ ಒಪ್ಪಿದ್ದು. ಇನ್ನೊಂದು ಮೆದು, ಅಂದರೆ ಅಷ್ಟೇನೂ ಹರಿತವಲ್ಲದ್ದು ಎಂಬ ಹೆಸರಿರುವುದು, ಉದಾಹರಣೆಗೆ ಟರ್ಕಿಯ ಡರ್ಬಿ. ಜಪಾನಿನ ಫೆದರ್ ಬ್ಲೇಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅತಿ ಹರಿತ ಅಂತ ಅದಕ್ಕೆ ಲೋಕವಿಡೀ ಹೆಸರು. ಅದಕ್ಕೇ ಈ ಸುತ್ತಿನಲ್ಲಿ ಬೇಡ. ಒತ್ತುವ ಕೈಗೆ ಅದು ಕ್ಷಮೆ ಕೊಡುವುದಿಲ್ಲ.

ಮೂರು ಎಚ್ಚರಿಕೆ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಬ್ಲೇಡ್ ಇರುತ್ತವೆ. ಸೆವೆನ್ ಓ ಕ್ಲಾಕ್‌ನಲ್ಲಿ ಹಳದಿ, ಹಸಿರು, ಕಪ್ಪು ಪೊಟ್ಟಣ ಬೇರೆ ಬೇರೆ ಮಾಲು. ಆಸ್ಟ್ರಾದಲ್ಲೂ ನೀಲಿ ಬೇರೆ, ಹಸಿರು ಬೇರೆ. "ಸೆವೆನ್ ಓ ಕ್ಲಾಕ್ ಆಗಲ್ಲ ನಂಗೆ" ಅಂದರೆ ಯಾವ ಬಣ್ಣದ್ದು ಅಂತಲೂ ಹೇಳಬೇಕು. ಎರಡನೆಯದು, ಅಗ್ಗ ಅಂತ ನೂರರ ಡಬ್ಬ ಮೊದಲೇ ಕೊಳ್ಳಬೇಡಿ. ಹೊಂದದಿದ್ದರೆ ಪೆನ್ಸಿಲ್ ಕೆತ್ತಲು, ಹೊಲಿಗೆ ಬಿಚ್ಚಲು ನೂರು ಬ್ಲೇಡ್ ಯಾರಿಗೆ ಬೇಕು? ಮೂರನೆಯದು, ಹೆಸರುವಾಸಿ ಬ್ಲೇಡ್‌ಗಳ ನಕಲಿ ಮಾಲೂ ಓಡಾಡುತ್ತದೆ. ಅಚ್ಚು ಮಸುಕಾಗಿದ್ದರೆ, ಅಂಟಿಸಿದ್ದು ಸೊಟ್ಟಗಿದ್ದರೆ, ದರ ನಂಬಲಾಗದಷ್ಟು ಕಡಿಮೆ ಇದ್ದರೆ ಬಿಟ್ಟುಬಿಡಿ.

3. ಉಳಿದದ್ದನ್ನೆಲ್ಲ ಕಟ್ಟಿಹಾಕಿ

ರೇಜರ್ ಒಂದೇ ಇರಲಿ. ಸೋಪು ಒಂದೇ, ಬ್ರಷ್ ಒಂದೇ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಹೋಗುವುದು ನೀರು.

ಗಡಸು ನೀರಿನಲ್ಲಿ ನೊರೆ ಸರಿಯಾಗಿ ಏಳುವುದಿಲ್ಲ. ಎದ್ದರೂ ಬೇಗ ಒಣಗುತ್ತದೆ, ಜಾರಿಕೆ ಕಡಿಮೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ದಿನ ಕಾವೇರಿ ನೀರು, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಸೋಮವಾರ ಬ್ಲೇಡ್ ಬೆಣ್ಣೆ ಥರ ಹೋಯಿತು, ಬುಧವಾರ ಅದೇ ಬ್ಲೇಡ್ ಕೆರೆಯಿತು. ಬದಲಾದದ್ದು ಬ್ಲೇಡ್ ಅಲ್ಲ, ನಲ್ಲಿ! ಪರಿಹಾರ ಸರಳ. ಅಡುಗೆಮನೆಯ ಆರ್‌ಓ ಫಿಲ್ಟರ್‌ನಿಂದ ಒಂದು ಲೋಟ ನೀರು ಹಿಡಿದು ಬಿಸಿಮಾಡಿ, ಬ್ರಷ್ ನೆನೆಸಲು, ನೊರೆ ಎಬ್ಬಿಸಲು ಅದನ್ನೇ ಬಳಸಿ. ಮುಖ ತೊಳೆಯಲು ನಲ್ಲಿ ನೀರು ಸಾಕು. ಊರಿಗೆ ಹೋದಾಗ ಮಾಡಿದ ಶೇವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗಡ್ಡದ ಉದ್ದವೂ ಹಾಗೇ. ದಿನ ಬಿಟ್ಟು ದಿನ ಅಂದರೆ ಎಲ್ಲ ಸಲವೂ ದಿನ ಬಿಟ್ಟು ದಿನ. ಮಂಗಳವಾರ, ಶನಿವಾರ ಗಡ್ಡ ತೆಗೆಯಬಾರದು ಅನ್ನುವ ಮನೆಯಾದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ. ಸೋಮ, ಬುಧ, ಶುಕ್ರ, ಭಾನು ಹೊಂದುತ್ತದೆ. ಭಾನುವಾರದ ಮರುದಿನ ಸೋಮವಾರದ್ದು ಮಾತ್ರ ಒಂದೇ ದಿನದ ಗಡ್ಡ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕೈದು ದಿನ ಬಿಟ್ಟ ಗಡ್ಡಕ್ಕೆ ಹೊಸ ಬ್ಲೇಡ್ ಹಾಕಿ "ಎಳೀತು" ಅನ್ನುವುದು ಅನ್ಯಾಯ. ಅಯ್ಯಪ್ಪ ಮಾಲೆ ಹಾಕಿ 41 ದಿನ ಬಿಟ್ಟ ಗಡ್ಡವನ್ನು ಮೊದಲು ಟ್ರಿಮ್ಮರ್‌ನಲ್ಲಿ ಇಳಿಸಿ, ಆಮೇಲೆ ರೇಜರ್.

ಇನ್ನು ನೆನೆಸುವುದು. ಸ್ನಾನ ಆದಮೇಲೆ ಶೇವ್ ಮಾಡುವವರು ಯಾವಾಗಲೂ ಆಮೇಲೇ ಮಾಡಿ. ಇಲ್ಲದಿದ್ದರೆ ಎರಡು ಮೂರು ನಿಮಿಷ ಬಿಸಿನೀರಿನ ಟವೆಲ್ ಇಡಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಒಣ ಕೂದಲಿಗೆ ಯಾವ ಬ್ಲೇಡೂ ಒಳ್ಳೇದಲ್ಲ.

4. ಬ್ಲೇಡ್ ಕೂರಿಸುವುದು

ಬೆರಳು ಕೊಯ್ದುಕೊಳ್ಳುವುದು ಬಹಳಷ್ಟು ಸಲ ಇಲ್ಲೇ, ಮುಖದ ಮೇಲಲ್ಲ. ಬ್ಲೇಡ್‌ನ ಗಿಡ್ಡ ಅಂಚುಗಳನ್ನು ಮಾತ್ರ ಹಿಡಿಯಿರಿ. ಅಲ್ಲಿ ಅಲಗಿಲ್ಲ. ಒದ್ದೆ ಕೈ ಬೇಡ. ಕೆಲವು ಬ್ಲೇಡ್ ಕಾಗದಕ್ಕೆ ಮೇಣದ ಪುಟ್ಟ ಚುಕ್ಕೆಗಳಿಂದ ಅಂಟಿರುತ್ತದೆ. ಅದನ್ನು ಉಗುರಿನಿಂದ ಕೆರೆಯಲು ಹೋಗಬೇಡಿ. ಬ್ಲೇಡ್ ತೊಂದರೆಯಿಲ್ಲದೆ ಕೂತರೆ ಬಿಟ್ಟುಬಿಡಿ, ಬಿಸಿನೀರಲ್ಲಿ ಸಡಿಲವಾಗುತ್ತದೆ.

ಮೂರು ತುಂಡಿನ ರೇಜರ್ ಆದರೆ ತಲೆಯನ್ನು ಬೋರಲು ಮಾಡಿ, ಮೇಲೆ ಬ್ಲೇಡ್ ಇಟ್ಟು, ತಳಪಟ್ಟಿ ಕೂರಿಸಿ, ಹಿಡಿ ತಿರುಗಿಸಿ. ಬಾಗಿಲಿನ ಹಾಗೆ ಎರಡು ಕಡೆ ತೆರೆದುಕೊಳ್ಳುವ ರೇಜರ್‌ನಲ್ಲಿ ಬ್ಲೇಡ್ ಇಟ್ಟು ಗುಬುಟು ತಿರುಗಿಸಿದರೆ ಆಯ್ತು. ಈಗ ಕಣ್ಣಿನ ಎದುರು ಹಿಡಿದು ನೋಡಿ. ಎರಡೂ ಕಡೆ ಅಲಗು ಒಂದೇ ಸಮ ಇಣುಕುತ್ತಿದೆಯಾ? ಒಂದು ಕಡೆ ಜಾಸ್ತಿ ಇದ್ದರೆ ಬಿಚ್ಚಿ ಮತ್ತೆ ಕೂರಿಸಿ. ಸೊಟ್ಟ ಕೂತ ಬ್ಲೇಡ್‌ಗೆ ಕೆಟ್ಟ ಹೆಸರು ಬಂದ ಪ್ರಸಂಗ ಬೇಕಾದಷ್ಟಿದೆ. ಅಲಗಿಗೂ ಕೆಳಗಿನ ಪಟ್ಟಿಗೂ ನಡುವೆ ಇರುವ ಸಂದಿಗೆ 'ಗ್ಯಾಪ್' ಅನ್ನುತ್ತಾರೆ. ಸಾಮಾನ್ಯವಾಗಿ ಗ್ಯಾಪ್ ದೊಡ್ಡದಾದಷ್ಟೂ ರೇಜರ್ ಗಡುಸು, ಅಂದರೆ ಅಲಗು ಚರ್ಮಕ್ಕೆ ಹೆಚ್ಚು ತಾಗುತ್ತದೆ. ಒಂದೇ ಬ್ಲೇಡ್ ನಿಮ್ಮ ಸ್ನೇಹಿತರ ರೇಜರ್‌ನಲ್ಲಿ ಬೇರೆಯೇ ಥರ ಅನ್ನಿಸಲು ಇದೂ ಕಾರಣ.

5. ಪರೀಕ್ಷೆಯ ಶೇವ್

ಎರಡೇ ಪಾಸ್ ಮಾಡಿ. ಪಾಸ್ ಅಂದರೆ ನೊರೆ ಹಚ್ಚಿ ಇಡೀ ಮುಖಕ್ಕೆ ಒಂದು ಸುತ್ತು. ಮೊದಲನೆಯದು ಕೂದಲಿನ ದಿಕ್ಕಿಗೆ, ಎರಡನೆಯದು ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಕೂದಲಿಗೆ ಎದುರಾಗಿ ಹೋಗುವುದು ಪರೀಕ್ಷೆ ಮುಗಿಯುವ ತನಕ ಬೇಡ. ಅದರಲ್ಲಿ ಎಂಥ ಬ್ಲೇಡೂ ಸ್ವಲ್ಪ ಕೆರೆಯುತ್ತದೆ. ಗಿಡ್ಡ ಗಿಡ್ಡ ಎಳೆತ, ನಾಲ್ಕೈದು ಎಳೆತಕ್ಕೊಮ್ಮೆ ರೇಜರ್ ತಿರುಗಿಸಿ ಇನ್ನೊಂದು ಅಲಗು ಬಳಸಿ. ನೊರೆ ಇಲ್ಲದ ಜಾಗದ ಮೇಲೆ ಸುಮ್ನೆ ಇನ್ನೊಂದು ಸಲ ಅಂತ ಎಳೆಯಬೇಡಿ.

ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು, ಪಟಿಕ ಒದ್ದೆ ಮಾಡಿ ಎಲ್ಲ ಕಡೆ ಸವರಿ. ಇದೇ ನಿಮ್ಮ ಅಳತೆಗೋಲು. ಚರ್ಮ ಎಲ್ಲಿ ಜಾಸ್ತಿ ಕೆರೆದಿದೆಯೋ ಅಲ್ಲಿ ಚುರ್ ಅನ್ನುತ್ತದೆ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಪಟಿಕ ಹೇಳಿಬಿಡುತ್ತದೆ. ಸಣ್ಣ ಗೀರಿನ ರಕ್ತವೂ ಅದರಲ್ಲೇ ನಿಲ್ಲುತ್ತದೆ. ಒಂದು ನಿಮಿಷ ಬಿಟ್ಟು ತೊಳೆದುಕೊಳ್ಳಿ.

ಮುಖದ ಮೇಲೆ ಕೀವು ತುಂಬಿದ ಮೊಡವೆ ಇದ್ದರೆ ಆ ವಾರ ಪರೀಕ್ಷೆ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಪರೀಕ್ಷೆ ಮಾಡುವುದಾದರೆ ಬ್ಲೇಡ್ ಮಾತ್ರ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ಥರದ ಕಾಯಿಲೆ ರಕ್ತದಿಂದ ಹರಡುತ್ತದೆ.

6. ಅವತ್ತೇ ಬರೆದಿಡಿ

ನಾಳೆ ಬರೆಯುತ್ತೇನೆ ಅಂದರೆ ಬರೆದ ಹಾಗೇ. ಎರಡು ಸಾಲು ಸಾಕು. ಹೀಗೆ:

"ಹಸಿರು ಆಸ್ಟ್ರಾ, 1ನೇ ಬ್ಲೇಡ್, 2ನೇ ಶೇವ್. ಎರಡು ದಿನದ ಗಡ್ಡ. ಎಳೆತ ಇಲ್ಲ. ಕತ್ತಿನ ಎಡಕ್ಕೆ ಪಟಿಕ ಉರಿ. ಗದ್ದದ ಮೇಲೆ ಗೀರು ಒಂದು. ಸಂಜೆ ಹೊತ್ತಿಗೆ ಚರ್ಮ ಆರಾಮ."

ಸಂಜೆಯ ಆ ಒಂದು ಮಾತು ಮುಖ್ಯ. ಬೆಳಿಗ್ಗೆ ನುಣ್ಣಗೆ ಕಂಡು, ಆಫೀಸಿನಲ್ಲಿ ಮಧ್ಯಾಹ್ನ ಕಾಲರ್ ತಾಗಿ ಉರಿಯುವ ಬ್ಲೇಡ್‌ಗಳಿವೆ. ಹತ್ತಕ್ಕೆ ಎಷ್ಟು ಅಂತ ಅಂಕ ಕೊಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ತಿಂಗಳಾದ ಮೇಲೆ ಏಳಕ್ಕೂ ಎಂಟಕ್ಕೂ ಏನು ವ್ಯತ್ಯಾಸ ಅಂತ ಯಾರಿಗೆ ನೆನಪಿರುತ್ತದೆ?

7. ಒಂದು ಬ್ಲೇಡ್‌ಗೆ ನಾಲ್ಕು ಶೇವ್, ಒಂದು ಥರಕ್ಕೆ ಎರಡು ಬ್ಲೇಡ್

ಮೊದಲ ಶೇವ್ ನೋಡಿ ತೀರ್ಪು ಕೊಡಬೇಡಿ. ಕೆಲವು ಬ್ಲೇಡ್ ಮೊದಲ ದಿನ ಒರಟು, ಎರಡನೇ ದಿನ ಹದಕ್ಕೆ ಬರುತ್ತದೆ. ಕೆಲವು ಮೊದಲ ದಿನ ಹೂವು, ಮೂರನೇ ದಿನ ಗರಗಸ. ಒಂದೇ ಪೊಟ್ಟಣದಲ್ಲಿ ಒಂದು ಬ್ಲೇಡ್ ಮಾತ್ರ ಕೆಟ್ಟದ್ದು ಬಂದಿರಲೂಬಹುದು. ಅದಕ್ಕೇ ಪ್ರತಿ ಥರದ್ದೂ ಎರಡು. ನಾಲ್ಕು ಥರ, ಎರಡೆರಡು ಬ್ಲೇಡ್, ನಾಲ್ಕು ನಾಲ್ಕು ಶೇವ್: ಒಟ್ಟು 32. ದಿನ ಬಿಟ್ಟು ದಿನ ಅಂದರೆ ಎರಡು ತಿಂಗಳು ಚಿಲ್ಲರೆ. ಒಂದು ಥರ ಮುಗಿಸಿ ಇನ್ನೊಂದಕ್ಕೆ ಹೋಗಿ. ಇವತ್ತೊಂದು ನಾಳೆಯೊಂದು ಬೇಡ. ಮೆದುವಾದದ್ದರಿಂದ ಶುರುಮಾಡಿ.

ನಾಲ್ಕು ಅನ್ನುವುದು ಹಟ ಅಲ್ಲ. ಎಳೆಯಲು ಶುರುವಾದ ಕ್ಷಣ ತೆಗೆದುಬಿಡಿ, ಎರಡನೇ ಶೇವ್ ಆದರೂ ಸರಿ. "ಇನ್ನೊಂದು ಸಲ ಬರುತ್ತೆ" ಅಂತ ಉಳಿಸುವ ದುಡ್ಡು ಅರ್ಧ ಕಾಫಿಗೂ ಸಾಲುವುದಿಲ್ಲ. ಬ್ಲೇಡ್ ನಿಧಾನಕ್ಕೆ ಸವೆಯುತ್ತದೆ, ಮುಂಚೆಯೇ ಸೂಚನೆ ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಕೂದಲು ಕತ್ತರಿಸುವ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿದಾಗ ಅಲಗಿನಿಂದ ಅಲ್ಲಲ್ಲಿ ಪುಟ್ಟ ಚಕ್ಕೆ ಹಾರುತ್ತದೆ ಅಂತ ಅವರು ಕಂಡರು. ಎಲ್ಲ ಕಡೆ ಸಮನಾಗಿ ಮೊಂಡಾಗುವುದಲ್ಲ. ನಿನ್ನೆ ಚೆನ್ನಾಗಿದ್ದ ಬ್ಲೇಡ್ ಇವತ್ತು ಒಂದೇ ಮೂಲೆಯಲ್ಲಿ ಕಚ್ಚಿದರೆ ಆಶ್ಚರ್ಯ ಪಡಬೇಕಾಗಿಲ್ಲ.

ಶೇವ್ ಆದಮೇಲೆ ರೇಜರ್ ತೊಳೆದು, ಕೊಡವಿ, ಗಾಳಿಗೆ ನಿಲ್ಲಿಸಿ. ಬ್ಲೇಡನ್ನು ಟವೆಲ್‌ನಲ್ಲಿ ಒರೆಸುವ ಅಭ್ಯಾಸ ಬಿಡಿ. ಲೇಪವೂ ಹಾಳು, ಟವೆಲೂ ಹಾಳು, ಕೆಲವೊಮ್ಮೆ ಬೆರಳೂ.

8. ಎರಡನೇ ಸುತ್ತು

ಪುಸ್ತಕ ತೆರೆದು ಓದಿ. ನಾಲ್ಕರಲ್ಲಿ ಎರಡು ತಾವಾಗಿಯೇ ಹೊರಗೆ ಹೋಗಿರುತ್ತವೆ. ಉಳಿದ ಎರಡರ ನಡುವೆ ಮಾತ್ರ ಇನ್ನೊಮ್ಮೆ ಹೋಲಿಕೆ ಮಾಡಿ. ಈಗ ಬೇಕಾದರೆ ಕೂದಲಿಗೆ ಎದುರಾದ ಪಾಸ್ ಸೇರಿಸಿ. ಮೊದಲ ಸುತ್ತಿನಲ್ಲಿ ಹೊರಹೋದ ಬ್ಲೇಡ್‌ಗಳನ್ನು ಎಸೆಯಬೇಡಿ, ಆರು ತಿಂಗಳು ಬಿಟ್ಟು ಮತ್ತೆ ಹಾಕಿ ನೋಡಿ. ಕೈ ಹಗುರಾದ ಮೇಲೆ ಅಭಿಪ್ರಾಯ ಬದಲಾಗುವುದು ತುಂಬ ಸಾಮಾನ್ಯ. ಫೆದರ್ ನೋಡುವ ಆಸೆ ಇದ್ದವರಿಗೂ ಇದೇ ಸಮಯ. ಎಲ್ಲ ನಾಲ್ಕೂ ಒಂದೇ ಥರ ಅನ್ನಿಸಿತಾ? ನೀವು ಅದೃಷ್ಟವಂತರು. ಅಗ್ಗದ್ದು ಕೊಳ್ಳಿ. ನಾಲ್ಕೂ ಒಂದೇ ಜಾಗದಲ್ಲಿ ಉರಿದಿದ್ದರೆ ಬ್ಲೇಡ್ ಹುಡುಕುವುದು ನಿಲ್ಲಿಸಿ, ಆ ಜಾಗದ ಕೂದಲಿನ ದಿಕ್ಕು ಮತ್ತೊಮ್ಮೆ ನೋಡಿ. ಕತ್ತಿನ ವಿಷಯದಲ್ಲಿ ಹತ್ತಕ್ಕೆ ಒಂಬತ್ತು ಸಲ ಅದೇ ಕಾರಣ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಬಿಡಿ ಬ್ಲೇಡನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ರೇಜರ್‌ನೊಳಗೆ ಮರೆತುಬಿಟ್ಟ ಬ್ಲೇಡೂ ಲೆಕ್ಕಕ್ಕೆ ಬರುತ್ತದೆ.

9. ಹಳೇ ಬ್ಲೇಡ್

ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಕವರ್ ಎತ್ತುವ ಪೌರಕಾರ್ಮಿಕರ ಕೈಗೆ ಅದು ನೇರ ಚುಚ್ಚುತ್ತದೆ. ಅಮೆರಿಕದ ಹಳೇ ಮನೆಗಳಲ್ಲಿ ಬಾತ್‌ರೂಮ್ ಗೋಡೆಯಲ್ಲೇ ಒಂದು ಸೀಳು ಇರುತ್ತಿತ್ತು. ಬ್ಲೇಡ್ ಅದರೊಳಗೆ ಹಾಕಿದರೆ ಗೋಡೆಯ ಟೊಳ್ಳಿನಲ್ಲಿ ಬೀಳುತ್ತಿತ್ತು, ಆಮೇಲೆ ಮನೆ ಒಡೆಯುವವನ ಕರ್ಮ! ನಮಗೆ ಡಬ್ಬಿಯೇ ಸರಿ. ಮುಚ್ಚಳ ಗಟ್ಟಿಯಾಗಿ ಕೂರುವ ತಗಡಿನ ಡಬ್ಬಿ ತಗೊಂಡು ಮುಚ್ಚಳದಲ್ಲಿ ತೆಳುವಾದ ಸೀಳು ಮಾಡಿ. ಬಳಸಿದ ಬ್ಲೇಡ್ ಅಲ್ಲೇ ಜಾರಿಸಿ. ತಿಂಗಳಿಗೆ ನಾಲ್ಕು ಬ್ಲೇಡ್ ಅಂದರೂ ಒಂದು ಸಾಧಾರಣ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಮುಚ್ಚಳಕ್ಕೂ ಟೇಪ್ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ 'ಬ್ಲೇಡ್ ಇದೆ' ಅಂತ ಬರೆಯಿರಿ. ಒಣಕಸ ತಗೊಳ್ಳಲು ಬಂದವರಿಗೆ ಬೇರೆಯಾಗಿ, ಬಾಯಲ್ಲೂ ಒಂದು ಮಾತು ಹೇಳಿ ಕೈಗೆ ಕೊಡಿ.